ಗ್ಯಾಸ್ ಬಾವಿಯ ಕೇಸಿಂಗ್ ಪೈಪು ಮತ್ತು ಕಲ್ಯಾಣದುರ್ಗದ ಓಬಳೇಶು

ಷೇರು ಏಜೆಂಟ್ ಆಗಬೇಕು ಅಂತ ಬರುವ ಹೊಸಬರು ನನ್ನನ್ನು ಮೊದಲು ಕೇಳುವುದು ಯಾವ ಷೇರು ಏರುತ್ತದೆ ಅಂತ. ಅದು ಗೊತ್ತಿದ್ದರೆ ಹಿಂದೂಪುರದ ಬಸ್ ಸ್ಟ್ಯಾಂಡ್ ಹಿಂದಿನ ಹತ್ತಡಿ ರೂಮಿನಲ್ಲಿ ಇಪ್ಪತ್ತೆಂಟು ವರ್ಷ ನಾನು ಕುರ್ಚಿ ಸವೆಸುತ್ತಿರಲಿಲ್ಲ. ಕಲಿಯಬೇಕಾದ್ದು ಬೇರೆ ಇದೆ. ನಿಮ್ಮ ಗಿರಾಕಿ ನಿಮ್ಮೆದುರೇ ಇನ್ನೊಬ್ಬ ಏಜೆಂಟಿನ ಹೆಸರು ಹೇಳುತ್ತಾರೆ. ಆಗ ಹೊಟ್ಟೆಕಿಚ್ಚು ಹುಟ್ಟುತ್ತದೆ. ಅದು ಹುಟ್ಟಿದ ಮೇಲೆ ಬಾಯಿಂದ ಏನು ಹೊರಡುತ್ತದೆ ಅನ್ನುವುದನ್ನು ಎಚ್ಚರದಿಂದ ನೋಡಿಕೊಳ್ಳಬೇಕು. ಇದನ್ನು ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ನಾನು ಕಲಿತದ್ದು ಅಂಗಡಿ ಮುಚ್ಚುವ ಹೊತ್ತಿಗೆ, ಅದೂ ಬೇರೆಯವರ ಖರ್ಚಿನಲ್ಲಿ.

ನಾನು ಓದಿದ್ದು ಹತ್ತನೇ ಕ್ಲಾಸು. ಹುಣಸೆಹಣ್ಣಿನ ಮಂಡಿಯಲ್ಲಿ ಟವೆಲಿನ ಕೆಳಗೆ ಬೆರಳು ಹಿಡಿದು ರೇಟು ಕುದುರಿಸುವುದನ್ನು ಕಲಿತೆ. ಎದುರಿನವನ ಬೆರಳು ಬೆವರಿದರೆ ಇನ್ನೂ ಇಳಿಯುತ್ತಾನೆ, ಒಣಗಿದ್ದರೆ ಅದೇ ಕೊನೆ ರೇಟು. ಇಷ್ಟು ತಿಳಿದರೆ ಸಾಕು, ಯಾವ ವ್ಯಾಪಾರವನ್ನಾದರೂ ಮಾಡಬಹುದು ಅಂದುಕೊಂಡಿದ್ದೆ. ಇಂಗ್ಲಿಷನ್ನು ಪೇಪರಿನ ಷೇರು ಪುಟ ಓದಿ ಓದಿ ಕಲಿತೆ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಆಗ ಷೇರು ಅಂದರೆ ಕಾಗದ. ಜನ ಅದನ್ನು ಅಕ್ಕಿ ಡಬ್ಬದಲ್ಲಿ, ದೇವರ ಫೋಟೋ ಹಿಂದೆ ಇಡುತ್ತಿದ್ದರು. ಚಿಲಮತ್ತೂರಿನ ಹೈವೇ ಪಕ್ಕ ಹೋಟೆಲ್ ಇಟ್ಟಿದ್ದ ಒಬ್ಬರು, ಇಲಿ ಕಚ್ಚುತ್ತವೆ ಏನು ಮಾಡಲಿ ಅಂತ ಕೇಳಿದರು. ಲ್ಯಾಮಿನೇಷನ್ ಮಾಡಿಸಿ ಅಂದೆ. ನಾನೇ ಅಂಗಡಿಗೆ ಕರೆದುಕೊಂಡು ಹೋಗಿ, ಹನ್ನೊಂದು ಸರ್ಟಿಫಿಕೇಟಿಗೆ ಒಟ್ಟು ರೇಟು ಮಾತಾಡಿ, ಚೆನ್ನಾಗಿ ಚೌಕಾಸಿ ಮಾಡಿ, ಪ್ಲಾಸ್ಟಿಕ್ ಹೊದಿಸಿಕೊಟ್ಟೆ. ಎರಡು ವರ್ಷದ ಮೇಲೆ ಮಾರಲು ಕಳಿಸಿದಾಗ ಕಂಪನಿಯವರು ವಾಪಸ್ ಕಳಿಸಿದರು. ಪ್ಲಾಸ್ಟಿಕ್ಕಿನ ಮೇಲೆ ಸೀಲು ಕೂರುವುದಿಲ್ಲವಂತೆ. ನಕಲು ಸರ್ಟಿಫಿಕೇಟು ಬರುವಷ್ಟರಲ್ಲಿ ರೇಟು ಇಳಿದಿತ್ತು. ಅವರು ಆಮೇಲೆ ನನಗೆ ಟೀ ಕೊಡುವಾಗಲೆಲ್ಲ, "ಲೋಟಕ್ಕೂ ಲ್ಯಾಮಿನೇಷನ್ ಮಾಡ್ಸೋಣ್ವಾ ಅಶ್ವತ್ಥಪ್ಪ?" ಅನ್ನುತ್ತಿದ್ದರು. ಆ ಮಾತು ನನಗೆ ನೋಯಲಿಲ್ಲ. ಗೊತ್ತಿಲ್ಲದೆ ಮಾಡಿದ ತಪ್ಪನ್ನು ಜನ ನಗೆಯಲ್ಲಿ ತೀರಿಸಿಬಿಡುತ್ತಾರೆ. ನಾನು ಹೇಳಹೊರಟಿರುವುದು ಆ ತರಹದ್ದಲ್ಲ.

ನನ್ನ ಗಿರಾಕಿಗಳಲ್ಲಿ ಎಲ್ಲರಿಗಿಂತ ಹಳಬರು ಪರಿಗಿಯ ಗಂಗರತ್ನಮ್ಮ. ಆಸ್ಪತ್ರೆಯಲ್ಲಿ ನರ್ಸು. ಊರೂರು ತಿರುಗಿ ಹೆರಿಗೆ ಮಾಡಿಸಿದವರು. ಸರ್ವಿಸ್ ಪೂರ್ತಿ ಸರ್ಕಾರಿ ಕ್ವಾರ್ಟರ್ಸಿನಲ್ಲಿ, ಸೋರುವ ಎರಡು ರೂಮಿನಲ್ಲಿ ಕಳೆದರು. ನನ್ನನ್ನು ಅಣ್ಣ ಅನ್ನುತ್ತಿದ್ದರು, ನನಗಿಂತ ಎರಡು ವರ್ಷ ದೊಡ್ಡವರಾದರೂ. ಷೇರು ಕಾಗದ ಹೋಗಿ ಕಂಪ್ಯೂಟರ್ ಖಾತೆ ಬಂದಾಗ ಗಿರಾಕಿಗಳು ಹೆದರಿದರು, ಕೈಯಲ್ಲಿ ಏನೂ ಇಲ್ಲದೆ ನಂಬುವುದು ಹೇಗೆ ಅಂತ. ಗಂಗರತ್ನಮ್ಮ ಮೊದಲಿಗರಾಗಿ ಬಂದು ತಮ್ಮ ಕಾಗದಗಳನ್ನು ಮೇಜಿನ ಮೇಲೆ ಇಟ್ಟರು. "ನೀನಿದ್ದೀಯಲ್ಲ ಅಣ್ಣ, ಕಂಪ್ಯೂಟರ್ ನೋಡ್ಕಂಡು ನಾನೇನ್ ಮಾಡ್ಲಿ" ಅಂದರು. ಅದನ್ನು ಕೇಳಿ ಇನ್ನೂ ನಲವತ್ತು ಜನ ಬಂದರು.

ಆಮೇಲೆ ಮೊಬೈಲ್ ಬಂತು. ಯಾರು ಬೇಕಾದರೂ ಕೂತಲ್ಲೇ ಷೇರು ಕೊಳ್ಳಬಹುದು. ನನ್ನಂಥ ಏಜೆಂಟುಗಳ ಅರ್ಧ ವ್ಯಾಪಾರ ಅದರಲ್ಲಿ ಹೋಯಿತು. ಉಳಿದ ಅರ್ಧಕ್ಕೆ ಕಣ್ಣು ಹಾಕಿದವನು ಓಬಳೇಶು.

ಓಬಳೇಶು ಕಲ್ಯಾಣದುರ್ಗದವನು. ಇಪ್ಪತ್ತು ವರ್ಷ ಬೋರ್‌ವೆಲ್ ಲಾರಿಯ ಮೇಲೆ ಇದ್ದವನು. ಮೊದಲು ಕೂಲಿ, ಆಮೇಲೆ ಡ್ರಿಲ್ಲರ್, ಆಮೇಲೆ ಸೆಟ್ಟೂರಿಂದ ಇತ್ತ ಬೋರ್ ಹಾಕಿಸುವವರಿಗೆಲ್ಲ ಲಾರಿ ಹೊಂದಿಸಿಕೊಡುವ ಏಜೆಂಟು. ಕಿವಿ ಅರ್ಧ ಮಂದ, ನೆಲ ಕೊರೆಯುವ ರಿಗ್ಗಿನ ಸದ್ದಿಗೆ. ಐವತ್ತು ದಾಟಿದ ಮೇಲೆ ಅದೇ ಬೋರ್ ಆಫೀಸಿನಲ್ಲಿ ಒಂದು ಕಂಪ್ಯೂಟರ್ ಇಟ್ಟುಕೊಂಡು ಷೇರು ಏಜೆನ್ಸಿ ತೆಗೆದ. ಇಂಗ್ಲಿಷ್ ಬರುವುದಿಲ್ಲ, ಮಗಳು ಓದಿ ಹೇಳುತ್ತಾಳೆ. ಇಂಥವನಿಗೆ ಒಂದೂವರೆ ವರ್ಷದಲ್ಲಿ ನನ್ನಷ್ಟೇ ಗಿರಾಕಿಗಳಾದರು. ನಾನು ಒಬ್ಬೊಬ್ಬರನ್ನು ಹಿಡಿಯಲು ಎಷ್ಟು ಹಬ್ಬಕ್ಕೆ ಹೋಗಿದ್ದೇನೆ, ಎಷ್ಟು ಮದುವೆಯಲ್ಲಿ ಬಡಿಸಿದ್ದೇನೆ, ಅದು ನನಗೆ ಗೊತ್ತು.

ಅನಂತಪುರದಲ್ಲಿ ಏಜೆಂಟುಗಳ ಮೀಟಿಂಗು. ನಮ್ಮ ಬ್ರೋಕರ್ ಕಂಪನಿಯ ಏರಿಯಾ ಮ್ಯಾನೇಜರು ಬೆಂಗಳೂರಿನವರು, ನನ್ನ ಅರ್ಧ ವಯಸ್ಸು. ಅವರು ಓಬಳೇಶುವನ್ನು ಎದ್ದು ನಿಲ್ಲಿಸಿ ಶಾಲು ಹೊದಿಸಿದರು, ಗೋಡೆ ಗಡಿಯಾರ ಕೊಟ್ಟರು. "ಅಶ್ವತ್ಥಪ್ಪನವರೇ, ಇವರ ಹತ್ತಿರ ಸ್ವಲ್ಪ ಕಲೀರಿ" ಅಂದರು. ನಕ್ಕೆ. ಊಟಕ್ಕೆ ಕೂತಾಗ ಅವನು ನನ್ನ ಪಕ್ಕಕ್ಕೇ ಬಂದ. ಅಣ್ಣ ಅನ್ನುವುದನ್ನು ಅವನು ತೆಲುಗಿನವರ ಹಾಗೆ ಅನ್ನಾ ಅನ್ನುತ್ತಾನೆ.

"ಅನ್ನಾ, ಆ ಗಡಿಯಾರ ನೀನೇ ತಗಂಡೋಗು. ನನ್ನ ಗೋಡೆ ತುಂಬಾ ಬೋರ್ ಪಾಯಿಂಟಿನ ಮ್ಯಾಪು, ಮೊಳೆ ಹೊಡೆಯಕ್ಕೆ ಜಾಗಿಲ್ಲ" ಅಂದ.

"ನನಗ್ಯಾಕಪ್ಪಾ, ನನ್ ಟೈಮ್ ಆಗೋಯ್ತಲ್ಲ" ಅಂದೆ.

ಅವನು ಒಳ್ಳೆ ಮನಸ್ಸಿನಿಂದಲೇ ಹೇಳಿದ್ದು. ಅದೇ ನನ್ನನ್ನು ಹೆಚ್ಚು ಉರಿಸಿತು. ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ಹಗುರಾಗುತ್ತಿದ್ದೆ.

ಇಷ್ಟರಲ್ಲಿ ಬಂದದ್ದು ಆ ಗ್ಯಾಸ್ ಕಂಪನಿ. ಗೋದಾವರಿ ಕಡೆ ಹೊಲಗಳಲ್ಲಿ ನೆಲ ಕೊರೆದು ಗ್ಯಾಸ್ ಹುಡುಕುವ ಸಣ್ಣ ಕಂಪನಿ. ಷೇರಿನ ರೇಟು ಎರಡು ಟೀಯಷ್ಟು. ನಮ್ಮ ಜನಕ್ಕೆ ಬ್ಯಾಂಕು, ಸಾಫ್ಟ್‌ವೇರು, ಔಷಧಿ ಕಂಪನಿ ಅಂದರೆ ತಲೆಗೆ ಹತ್ತುವುದಿಲ್ಲ. ನೆಲ ಕೊರೆಯುವುದು ಅಂದರೆ ಹತ್ತುತ್ತದೆ. ರಿಗ್ಗಿನ ಪಕ್ಕ ಬಿಳಿ ಧೂಳು ಮೆತ್ತಿಕೊಂಡು ನಿಂತು, ಇನ್ನು ಹತ್ತಡಿ, ಇನ್ನು ಹತ್ತಡಿ ಅಂತ ಕಾಯದೆ ಇದ್ದವರು ಈ ಸೀಮೆಯಲ್ಲಿ ಯಾರಿದ್ದಾರೆ? ಹಾಗಾಗಿ ಆ ಷೇರು ಮನೆಮನೆಗೆ ಹೊಕ್ಕಿತು. ನಾನು ಮೊಬೈಲಿನಲ್ಲಿ ಒಂದು ಗುಂಪು ಮಾಡಿದೆ. ಕಂಪನಿ ಷೇರುಪೇಟೆಗೆ ಕೊಡುವ ಪ್ರತಿ ಇಂಗ್ಲಿಷ್ ನೋಟೀಸನ್ನು ಕನ್ನಡದಲ್ಲೂ ತೆಲುಗಿನಲ್ಲೂ ಅದರಲ್ಲಿ ಹಾಕುತ್ತಿದ್ದೆ. ನೋಟೀಸಿನಲ್ಲಿ ಮೀಟರ್ ಇರುತ್ತಿತ್ತು. "ಮೀಟರ್ ಬ್ಯಾಡಣ್ಣ, ಅಡಿ ಮಾಡೇಳು" ಅನ್ನುತ್ತಿದ್ದರು. ಅಡಿ ಮಾಡಿ ಹಾಕಿದ ಕೂಡಲೇ ಚರ್ಚೆ ಶುರು. ಅಷ್ಟು ಆಳಕ್ಕೆ ಕಲ್ಲು ಬಂದಿದೆಯಾ, ಮಣ್ಣಾ? ಕೊರೆಯುವ ಬಿಟ್ ಎಷ್ಟು ಬದಲಾಯಿಸಿದರಂತೆ? ಒಬ್ಬರಂತೂ, ಕೊರೆಯುವ ಪಾಯಿಂಟ್ ಗುರುತು ಮಾಡಿದವನು ನಮ್ಮ ನೀರು ನೋಡುವವರ ಹಾಗೆ ತೆಂಗಿನಕಾಯಿ ಹಿಡಿದು ನೋಡಿದ್ದನಾ ಅಂತ ಕಂಪನಿಗೆ ಕಾಗದ ಬರೆಯಲು ಹೇಳಿದರು.

ಗಂಗರತ್ನಮ್ಮ ಆಗ ರಿಟೈರ್ ಆಗಿದ್ದರು. ಹಿಂದೂಪುರದಲ್ಲಿ ಒಂದು ಸೈಟಿಗೆ ಅಡ್ವಾನ್ಸ್ ಕೊಟ್ಟಿದ್ದರು, ಮೂರು ತಿಂಗಳಲ್ಲಿ ರಿಜಿಸ್ಟ್ರೇಷನ್. ರಿಟೈರ್ ಆದಾಗ ಬಂದ ಹಣ ಸೈಟಿಗೆ ಸರಿಯಾಗುತ್ತಿತ್ತು, ಮನೆಗೆ ಆಗುತ್ತಿರಲಿಲ್ಲ. ಆ ಮೂರು ತಿಂಗಳಿಗೆ ಅಂತ ಅರ್ಧ ಹಣವನ್ನು ಗ್ಯಾಸ್ ಷೇರಿಗೆ ಹಾಕಿದರು. ಬೇಡ ಅನ್ನಬೇಕಿತ್ತು. ಹೊಸಬರೇ, ಇಂಥ ದಿನಕ್ಕೆ ಬೇಕು ಅಂತ ಗೊತ್ತಿರುವ ಹಣವನ್ನು ಷೇರಿಗೆ ಹಾಕಲು ಯಾರಿಗೂ ಬಿಡಬೇಡಿ. ನಾನು ಬಿಟ್ಟೆ. ಅವರ ಹಿಂದೆ ಇನ್ನೂ ನಲವತ್ತು ಜನ ಬರುತ್ತಾರೆ ಅನ್ನುವುದು ನನ್ನ ಮನಸ್ಸಿನಲ್ಲಿತ್ತು.

ಒಂದು ತಿಂಗಳಾದ ಮೇಲೆ ಒಂದು ನೋಟೀಸು ಬಂತು. ಇಷ್ಟು ಮೀಟರ್ ತನಕ ಕೊರೆದಿದ್ದೇವೆ, ಕೇಸಿಂಗ್ ಪೈಪು ಇಳಿಸಿ ಸಿಮೆಂಟ್ ಹಾಕಿದ್ದೇವೆ, ಕೊರೆಯುವುದು ಮುಂದುವರಿಯುತ್ತದೆ. ಮೂರು ಸಾಲು, ಅಷ್ಟೇ.

ನಮ್ಮ ಕಡೆ ಬೋರ್ ಹಾಕಿಸಿದವರಿಗೆ ಕೇಸಿಂಗ್ ಪೈಪು ಅಂದರೇನು ಅಂತ ಹೇಳಬೇಕಾಗಿಲ್ಲ. ನೀರು ಬೀಳದ ಬೋರಿನಲ್ಲಿ ಲಾರಿಯವರು ತೂತಿಗೆ ಇಳಿಸಿದ ಆ ಪೈಪು ಬಿಟ್ಟು ಹೋಗುವುದಿಲ್ಲ, ಎಳೆದುಕೊಂಡು ಹೋಗುತ್ತಾರೆ. ಹೊಲದಲ್ಲಿ ಪೈಪು ಉಳಿದು ಅದರ ಬಾಯಿಗೆ ಮುಚ್ಚಳ ಬಿದ್ದಿದ್ದರೆ, ದೂರದಿಂದ ನೋಡಿದವನೂ ಹೇಳುತ್ತಾನೆ, ಇಲ್ಲಿ ನೀರು ಬಿದ್ದಿದೆ ಅಂತ. ಮಾವನ ಹೊಲದಲ್ಲಿ ನಾನು ನಾಲ್ಕು ಬೋರ್ ಹಾಕಿಸಿದ್ದೆ, ಮೂರರಲ್ಲಿ ಪೈಪು ಎಳೆದುಕೊಂಡು ಹೋಗುವುದನ್ನು ನಿಂತು ನೋಡಿದ್ದೆ. ಸಿಮೆಂಟ್ ಬೇರೆ ಹಾಕಿದ್ದಾರೆ ಅಂದ ಮೇಲೆ ಇನ್ನೇನು? ಗುಂಪಿನಲ್ಲಿ ಬರೆದೆ: "ಪೈಪು ಇಳಿಸಿ ಸಿಮೆಂಟ್ ಹಾಕಿದ್ದಾರೆ. ಅರ್ಥ ಮಾಡಿಕೊಳ್ಳಿ."

ಅರ್ಥ ಮಾಡಿಕೊಂಡರು. ನಮ್ಮ ಹಾಗೆ ಅರ್ಥ ಮಾಡಿಕೊಂಡವರು ಬೇರೆ ಕಡೆಯೂ ಇದ್ದಿರಬೇಕು, ನಾಲ್ಕು ದಿನದಲ್ಲಿ ರೇಟು ಹೆಚ್ಚುಕಡಿಮೆ ಎರಡು ಪಟ್ಟಾಯಿತು. ನನ್ನ ರೂಮಿಗೆ ಮೈಸೂರುಪಾಕು ಬಂತು, ಹೂವಿನ ಹಾರ ಬಂತು. ಏರಿಯಾ ಮ್ಯಾನೇಜರು ತಾವೇ ಫೋನು ಮಾಡಿ "ಸೂಪರ್ ಅಶ್ವತ್ಥಪ್ಪನವರೇ" ಅಂದರು. ಈಗ ಓಬಳೇಶುಗೆ ಹೇಳಿ, ನನ್ನ ಹತ್ತಿರ ಕಲೀಲಿ ಅಂತ ನಾಲಿಗೆ ತುದಿಯವರೆಗೆ ಬಂದಿತ್ತು.

ಐದನೇ ದಿನ ಗಂಗರತ್ನಮ್ಮ ಬಂದರು. ಕುರ್ಚಿಯ ತುದಿಯಲ್ಲಿ ಕೂತರು.

"ಅಣ್ಣ, ಕಲ್ಯಾಣದುರ್ಗದಾಗೆ ಓಬಳೇಶು ಅಂತ ಯಾರೋ ಅವ್ರಂತಲ್ಲ. ನನ್ನ ತಂಗಿ ಗಂಡ ಷೇರು ತಗಳ್ಳೋದು ಅವ್ರ ಹತ್ರಾನೇ. ಎಲ್ಲಾರ್‍ಗೂ ಮಾರ್‍ರಿ ಮಾರ್‍ರಿ ಅಂತವ್ರಂತೆ. ಪೈಪು ಇಳಿಸಿದ್ದಕ್ಕೂ ಗ್ಯಾಸಿಗೂ ಸಂಬಂಧ ಇಲ್ಲ ಅಂತ. ಈಗ ಮಾರಿದ್ರೆ ಸೈಟೂ ಆಗ್ತದೆ, ಗೋಡೆ ಎಬ್ಬಿಸಕ್ಕೂ ಆಗ್ತದೆ. ಏನಂತೀಯ?"

"ಬೋರ್ ಹಾಕೋವ್ನ ಮಾತು ಕೇಳ್ಕಂಡು ಷೇರ್ ಮಾರ್‍ತೀಯೇನಮ್ಮ?" ಅಂದೆ.

"ಅದುಕ್ಕೇ ನಿನ್ನ ಕೇಳಕ್ಕೆ ಬಂದೆ ಕಣಣ್ಣ. ನೀನು ಹೆಂಗೇಳಿದ್ರೆ ಹಂಗೆ."

ಎರಡು ದಿನ ಟೈಮು ಕೊಡಮ್ಮ, ವಿಚಾರಿಸುತ್ತೇನೆ ಅಂದೆ. ಮಾರನೇ ದಿನ ರೂಮಿಗೆ ಬೀಗ ಹಾಕಿ, ಮದುವೆ ಇದೆ ಅಂತ ಬೋರ್ಡು ನೇತುಹಾಕಿ, ಮಡಕಶಿರ, ಪಾವಗಡದ ಮೇಲೆ ಬಸ್ಸು ಬದಲಾಯಿಸಿ ಕಲ್ಯಾಣದುರ್ಗಕ್ಕೆ ಹೋದೆ. ವಿಚಾರಿಸುವುದಕ್ಕೆ ಅಂತ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಹೋದದ್ದು ಅವನ ಅಂಗಡಿಯಲ್ಲಿ ಎಷ್ಟು ಜನ ಇರುತ್ತಾರೆ ಅಂತ ನೋಡುವುದಕ್ಕೆ.

ಜನ ಇದ್ದರು. ಒಳಗೆ ಎರಡು ಬೆಂಚು ಭರ್ತಿ, ಹೊರಗೆ ಪೈಪಿನ ರಾಶಿಯ ಮೇಲೆ ಏಳೆಂಟು ಜನ. ಯಾರೂ ಮೊಬೈಲ್ ನೋಡುತ್ತಿರಲಿಲ್ಲ, ಅವನ ಮುಖ ನೋಡುತ್ತಿದ್ದರು. ನನ್ನ ರೂಮಿನಲ್ಲಿ ಅಷ್ಟು ಜನ ಕೂತು ಎಷ್ಟು ಕಾಲವಾಗಿತ್ತೋ.

"ರಾ ಅನ್ನಾ, ಕೂಚೋ" ಅಂತ ತೆಲುಗಿನಲ್ಲಿ ಕರೆಯುತ್ತ ಓಬಳೇಶು ಎದ್ದು ಬಂದ, ಕೂತುಕೊಳ್ಳಲು ತನ್ನ ಕುರ್ಚಿ ಬಿಟ್ಟುಕೊಟ್ಟ. "ಲೇಯ್, ಹಿಂದೂಪುರದ ದೊಡ್ಡೋರು ಕಣ್ರಲಾ. ಟೀ ಹೇಳ್ರಿ."

ಇನ್ನೊಬ್ಬರ ಅಂಗಡಿಯಲ್ಲಿ ಮಾಲೀಕನ ಕುರ್ಚಿ ಮೇಲೆ ಕೂರುವುದು ಎಷ್ಟು ಕಷ್ಟ ಅಂತ ಆವತ್ತು ತಿಳಿಯಿತು. ಬೆಂಚಿನ ಮೇಲಿದ್ದ ಮುದುಕರೊಬ್ಬರು, "ನೀವೇ ಅಲ್ಲೇನಪ್ಪಾ, ಪೈಪು ಇಳ್ದದೆ, ಗ್ಯಾಸ್ ಸಿಕ್ತು ಅಂತ ಬರ್‍ದೋರು?" ಅಂದರು. ಎಲ್ಲರೂ ನಕ್ಕರು. ಓಬಳೇಶು ಮಾತ್ರ ನಗಲಿಲ್ಲ.

"ನೀನು ಯಾಕೆ ಮಾರು ಅಂತೀಯ?" ಅಂದೆ.

ಅವನು ಅಂಗೈಯನ್ನು ಕೊಳವೆ ಮಾಡಿ ತೋರಿಸಿದ. "ನೋಡನ್ನಾ. ಮೇಲಿನ ಸಡಿಲ ಮಣ್ಣು ಒಳಗೆ ಕುಸೀಬಾರ್ದು ಅಂತ ಪೈಪು. ಮಣ್ಣಿಗೆ ಪೈಪು, ನೀರಿಗಲ್ಲ. ನೀರು ಬೀಳ್ಲಿಲ್ಲ ಅಂದ್ರೆ ನಾವು ಎಳ್ಕಂಡೋಯ್ತೀವಿ, ಯಾಕೆ? ಅದು ನಮ್ಮ ಪೈಪು, ನಾಳೆ ಇನ್ನೊಂದು ಬೋರಿಗೆ ಬೇಕು. ಅವ್ರು ಸಿಮೆಂಟ್ ಹಾಕಿ ಕೂರ್‍ಸ್ಬುಟ್ಟವ್ರೆ, ಎಳೆಯೋ ಮಾತೇ ಇಲ್ಲ. ಸಿಕ್ಕಿದ್ರೂ ಅದು ಅಲ್ಲೇ, ಸಿಗದಿದ್ರೂ ಅಲ್ಲೇ. ಮೊದಲ್ನೇ ನೋಟೀಸ್‌ನಾಗೆ ಎಷ್ಟು ಆಳ ಹೋಯ್ತೀವಿ ಅಂದಿದ್ರು? ಈಗ ಎಷ್ಟು ಹೋಗವ್ರೆ?"

ಎರಡೂ ಅಂಕಿಯನ್ನು ಮನಸ್ಸಿನಲ್ಲೇ ಹೋಲಿಸಿದೆ. ಅರ್ಧ ದಾರಿಗಿಂತ ಸ್ವಲ್ಪ ಹೆಚ್ಚು. ಎರಡು ನೋಟೀಸನ್ನೂ ನಾನೇ ಇಂಗ್ಲಿಷಿನಿಂದ ಇಳಿಸಿದ್ದೆ, ನಾನೇ ಅಡಿ ಮಾಡಿದ್ದೆ. ಒಂದರ ಪಕ್ಕ ಇನ್ನೊಂದನ್ನು ಇಟ್ಟು ನೋಡಿರಲಿಲ್ಲ. ಇಂಗ್ಲಿಷ್ ಬಾರದವನು ನೋಡಿದ್ದ.

"ಗ್ಯಾಸ್ ಇಲ್ಲ ಅಂತಲೂ ನಾನು ಹೇಳಲ್ಲ. ಇನ್ನೂ ಅಲ್ಲಿಗೆ ಹೋಗೇ ಇಲ್ಲ ಅಂತೀನಿ. ರೇಟ್ ಮಾತ್ರ ಆಗ್ಲೇ ಹೋಗ್ಬುಟ್ಟದೆ. ಬೋರ್ ಇನ್ನೂ ಅರ್ಧಕ್ಕಿರೋವಾಗ್ಲೇ ಯಾರಾದ್ರೂ ಬಂದು, ನಿನ್ನ ನೀರಿಗೆ ಇಷ್ಟು ಕೊಡ್ತೀನಿ ಅಂದ್ರೆ ಏನ್ ಮಾಡ್ತೀಯನ್ನಾ?"

"ಕೊಟ್ಟು ಮನೇಗ್ ಹೋಯ್ತೀನಿ" ಅಂದರು ಬೆಂಚಿನ ಮುದುಕರು, ನನ್ನ ಬದಲಿಗೆ.

ಪಾವಗಡದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಲೆಕ್ಕ ಹಾಕಿದೆ. ಅವನ ಮಾತಿನಲ್ಲಿ ತಪ್ಪು ಹುಡುಕುತ್ತ ಬಂದೆ, ಮಡಕಶಿರದವರೆಗೂ ಸಿಗಲಿಲ್ಲ. ಅವನು ಹೇಳಿದ್ದು ಸರಿ. ಆದರೆ ಗಂಗರತ್ನಮ್ಮ ಮಾರಿದರೆ ನಲವತ್ತು ಜನ ಮಾರುತ್ತಾರೆ, ಯಾರ ಮಾತಿನ ಮೇಲೆ ಅಂತ ಪರಿಗಿಯಿಂದ ಚಿಲಮತ್ತೂರಿನವರೆಗೆ ಮಾತಾಗುತ್ತದೆ. ಹಿಂದೂಪುರದವನು ಪೈಪು ಗೊತ್ತಿಲ್ಲದವನು, ಕಲ್ಯಾಣದುರ್ಗದವನು ಗೊತ್ತಿರುವವನು. ಆ ಬೆಂಚು ಕಣ್ಣಿಗೆ ಕಟ್ಟಿತ್ತು. ಅದರ ಮೇಲೆ ನನ್ನವರೂ ಹೋಗಿ ಕೂತ ಹಾಗೆ ಕಾಣುತ್ತಿತ್ತು.

ಮಾರನೇ ದಿನ ಅವರು ಬಂದಾಗ ಹೇಳಿದೆ: "ವಿಚಾರ್‍ಸಿದೆ ಕಣಮ್ಮ. ಇಟ್ಕೋ."

"ಇಟ್ಕೋ ಅಂತೀಯ?"

"ಇಟ್ಕೋ."

ಅವರು ಇನ್ನೊಂದು ಪ್ರಶ್ನೆ ಕೇಳಲಿಲ್ಲ. ಕೇಳಿದ್ದರೆ ನಾನು ಸುಳ್ಳು ಹೇಳುವುದಕ್ಕೆ ತಡವರಿಸುತ್ತಿದ್ದೆ, ಅವರಿಗೆ ಗೊತ್ತಾಗುತ್ತಿತ್ತು. ನೋವು ಮುಚ್ಚಿಟ್ಟುಕೊಳ್ಳುವ ಬಸುರಿಯರನ್ನು ಮುಖ ನೋಡಿ ಹಿಡಿಯುತ್ತಿದ್ದ ಹೆಂಗಸು ಅವರು. ಆದರೆ ನನ್ನ ಮುಖ ನೋಡಲಿಲ್ಲ, ಬ್ಯಾಗು ತೆಗೆದುಕೊಂಡು ಹೊರಟರು.

ಆರು ವಾರ ಆಯಿತು. ರೇಟು ಅಲ್ಲಲ್ಲೇ ಇತ್ತು. ಆಮೇಲೆ ಕೊನೆಯ ನೋಟೀಸು ಬಂತು. ಪೂರ್ತಿ ಆಳ ಕೊರೆದಾಯಿತು, ಮಾರಾಟ ಮಾಡುವಷ್ಟು ಗ್ಯಾಸ್ ಸಿಕ್ಕಿಲ್ಲ, ಬಾವಿಯನ್ನು ಮುಚ್ಚಲಾಗುವುದು. ಒಂದು ದಿನಕ್ಕೆ ಒಂದು ಷೇರು ಇಷ್ಟೇ ಇಳಿಯಬಹುದು ಅಂತ ಪೇಟೆಯವರು ಮಿತಿ ಇಟ್ಟಿರುತ್ತಾರೆ. ಬೆಳಿಗ್ಗೆ ಪೇಟೆ ತೆರೆದ ಕೂಡಲೇ ಆ ಮಿತಿಗೆ ಬಂದು ನಿಂತುಬಿಟ್ಟಿತು. ಮಾರುವವರು ಸಾಲುಗಟ್ಟಿ ನಿಂತಿದ್ದಾರೆ, ಕೊಳ್ಳುವವನು ಒಬ್ಬನೂ ಇಲ್ಲ. ಮಾರನೇ ದಿನವೂ ಹಾಗೆ, ಅದರ ಮಾರನೇ ದಿನವೂ ಹಾಗೆ. ಗಂಗರತ್ನಮ್ಮನ ಷೇರು ನನ್ನಿಂದ ಮಾರಲು ಆದಾಗ, ಕೊಂಡ ರೇಟಿನ ಕಾಲು ಭಾಗ ಬಂತು.

ಸೈಟು ಹೋಯಿತು. ಅದರ ಮಾಲೀಕರ ಹತ್ತಿರ ನಾನೇ ಹೋಗಿ ಒಂದಿಡೀ ಮಧ್ಯಾಹ್ನ ಕೂತು ಚೌಕಾಸಿ ಮಾಡಿ ಅಡ್ವಾನ್ಸ್ ಪೂರ್ತಿ ವಾಪಸ್ ಕೊಡಿಸಿದೆ. ನನ್ನ ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಚೌಕಾಸಿ ಮಾಡಿದ್ದಿಲ್ಲ. ಊರಲ್ಲಿ ಅದನ್ನು ಹೊಗಳಿದರು. ಹೊಗಳಿಸಿಕೊಂಡೆ. ಗುಂಪಿನಲ್ಲಿ ಒಬ್ಬರೂ ನನ್ನನ್ನು ಬೈಯಲಿಲ್ಲ, ಬೋರ್ ಫೇಲಾದದ್ದಕ್ಕೆ ಯಾರನ್ನು ಬೈಯುವುದು ಅಂತ ಸುಮ್ಮನಾದರು. ಓಬಳೇಶುವಿನ ಗಿರಾಕಿಗಳಲ್ಲಿ ಹೆಚ್ಚಿನವರು ಮಾರಿ ಹೊರಬಂದಿದ್ದರು. ಅವನು ಅದನ್ನು ಎಲ್ಲೂ ಹೇಳಿಕೊಳ್ಳಲಿಲ್ಲವಂತೆ. ಅದನ್ನು ಕೇಳಿಯೂ ನನಗೆ ಉರಿಯಿತು. ಹೇಳಿಕೊಳ್ಳಬಾರದಾ, ನಾನಾಗಿದ್ದರೆ ಹೇಳಿಕೊಳ್ಳುತ್ತಿದ್ದೆ.

ಮುಂದಿನ ವರ್ಷ ಏಜೆನ್ಸಿ ಬಿಡುವುದು ಅಂತ ನಿರ್ಧರಿಸಿದೆ. ಬಿಡುವ ಮೊದಲು ಗಿರಾಕಿಗಳ ಖಾತೆಗಳನ್ನು ಅವರವರು ಹೇಳಿದ ಏಜೆಂಟಿಗೆ ವರ್ಗ ಮಾಡಿಕೊಡಬೇಕು. ಫಾರಂ ಹಿಡಿದು ಮನೆಮನೆಗೆ ಹೋದೆ. ಗಂಗರತ್ನಮ್ಮ ಪರಿಗಿಯಲ್ಲೇ ಬಾಡಿಗೆಗಿದ್ದರು, ಒಂದು ಮಹಡಿಯ ಮೇಲೆ. ಮೆಟ್ಟಿಲು ಕಡಿದು. ಮೇಲೆ ಹೋಗಿ ಕೂತು, ನೀರು ಕುಡಿದು, ಹೇಳಿಬಿಟ್ಟೆ.

"ಅಮ್ಮ, ಆವತ್ತು ಓಬಳೇಶು ಹೇಳಿದ್ದು ಸರಿ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೇ ಇಟ್ಕೋ ಅಂದೆ. ಅವನು ಹೇಳ್ದ ಅಂತ."

ಅವರು ಮಡಿಸುತ್ತಿದ್ದ ಬಟ್ಟೆಯನ್ನು ಮಡಿಸಿ ಪಕ್ಕಕ್ಕಿಟ್ಟರು.

"ನೀನು ಕಲ್ಯಾಣದುರ್ಗಕ್ಕೆ ಹೋಗಿದ್ದೆ, ಅಲ್ವಾ? ನನ್ನ ತಂಗಿ ಗಂಡ ಅಲ್ಲೇ ಪೈಪಿನ ಮೇಲೆ ಕೂತಿದ್ರು. ಆವತ್ತು ಸಾಯಂಕಾಲವೇ ಫೋನು ಮಾಡಿ ಹೇಳಿದ್ರು. ಮದುವೆ ಅಂತ ಬೋರ್ಡು ಹಾಕಿ, ನನಗೋಸ್ಕರ ಅಷ್ಟು ದೂರ ಹೋಗಿ, ಅವ್ರ ಅಂಗಡೀಲಿ ಕೂತು, ಅವ್ರ ಮಾತೂ ಕೇಳ್ಕಂಡ್ ಬಂದು, ಆಮೇಲೂ ಇಟ್ಕೋ ಅಂದ್ಯಲ್ಲ. ಅದುಕ್ಕೇ ಕಣಣ್ಣ ಇಟ್ಕಂಡೆ. ಇಲ್ದಿದ್ರೆ ಮಾರ್‍ಬುಡ್ತಿದ್ದೆ."

ಹೊಸಬರೇ, ಇನ್ನೊಬ್ಬನು ಸರಿ ಹೇಳಿದ ದಿನ, ಸರಿ ಅಂತ ಅದೇ ದಿನ ಒಪ್ಪಿಬಿಡಿ. ಹೊಟ್ಟೆಯುರಿ ಇರಲಿ, ಅದು ಹೋಗುವುದಿಲ್ಲ, ನನಗೆ ಈಗಲೂ ಹೋಗಿಲ್ಲ. ಗಿರಾಕಿಯನ್ನು ಅದರೊಳಗೆ ನೂಕಬೇಡಿ.

ಫಾರಂ ಎಲ್ಲಿ ಅಂತ ಅವರೇ ಕೇಳಿದರು. ಕನ್ನಡಕ ಒಡೆದಿತ್ತು, ನೀನೇ ತುಂಬು ಅಂದರು. ಹೆಸರು, ವಿಳಾಸ, ಖಾತೆ ನಂಬರ್ ತುಂಬಿದೆ. ಹೊಸ ಏಜೆಂಟ್ ಅನ್ನುವ ಜಾಗಕ್ಕೆ ಬಂದು ಪೆನ್ನು ನಿಲ್ಲಿಸಿ ಅವರ ಮುಖ ನೋಡಿದೆ.

"ಬರಿ ಅಣ್ಣ" ಅಂದರು. "ಯಾರು ಅಂತ ನಿನಗೆ ಗೊತ್ತು."

ಬರೆದೆ. ಇಂಗ್ಲಿಷಿನಲ್ಲಿ, ದೊಡ್ಡಕ್ಷರದಲ್ಲಿ, ತಪ್ಪಿಲ್ಲದೆ.